ಅಕ್ಕಿ ಕೊಳ್ಳಲು ಬಂದ ನಾಲ್ಕನೆಯಾಕೆ

ಅಕ್ಕಿ ಮಿಲ್ಲಿನಲ್ಲಿ ದುಡಿಯುವವನು ದೆವ್ವಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಹಾಜರಿ ಹಾಕಲು ಬರುತ್ತವೆ. ಚಳಿಗಾಲದ ಬೆಳಗಿನಲ್ಲಿ ಕಾಲುವೆಯ ಮೇಲಿನ ಮಂಜು, ಹೊಟ್ಟು ಉರಿಸಿದ ಹೊಗೆ, ತೌಡಿನ ಧೂಳು ಮೂರೂ ಸೇರಿಕೊಂಡರೆ ಎದುರಿಗೆ ಬರುವ ಹಮಾಲನ ತಲೆ ಮೊದಲು ಕಾಣುತ್ತದೆ, ಕಾಲು ಆಮೇಲೆ. ನಡುವಿನ ಭಾಗ ಕಾಣಿಸುವಷ್ಟರಲ್ಲಿ ನಾವು "ಶಿವ ಶಿವ" ಅಂದು ಮುಗಿಸಿರುತ್ತೇವೆ.

ನಾನು ಸಿಂಧನೂರಿನ ಒಂದು ಮಿಲ್ಲಿನಲ್ಲಿ ಮ್ಯಾನೇಜರ್. ಹೊರಗಿನಿಂದ ಖರೀದಿಗೆ ಬಂದವರ ಊಟ, ವಸತಿ, ತಿರುಗಾಟ, ಮಾತುಕತೆ ಎಲ್ಲ ನನ್ನ ತಲೆಯ ಮೇಲೆ. ಇಲ್ಲಿ ಹೇಳುವುದೆಲ್ಲ ಒಂದೇ ಖರೀದಿಯಲ್ಲಿ ನಡೆದದ್ದು.

ಪಶ್ಚಿಮ ಆಫ್ರಿಕಾದಲ್ಲಿ ಬೆನಿನ್ ಅಂತ ಒಂದು ದೇಶ. ಅದರ ಪಕ್ಕಕ್ಕೆ ಟೋಗೋ, ನೆತ್ತಿಯ ಮೇಲೆ ನೈಜರ್. ಮೂರಕ್ಕೂ ಒಂದೇ ನಾಣ್ಯ. ಆದರೆ ನೈಜರಿಗೆ ಸಮುದ್ರವಿಲ್ಲ. ಅಕ್ಕಿ ಬರಬೇಕಾದರೆ ನೆರೆಯವರ ಬಂದರೇ ಗತಿ. ಮೂರೂ ದೇಶದ ಒಬ್ಬೊಬ್ಬ ಅಕ್ಕಿ ವ್ಯಾಪಾರಿ ಕೂತು ಮಾತಾಡಿ, ಬೇರೆ ಬೇರೆ ಕೊಳ್ಳುವುದು ಬಿಟ್ಟು ಒಂದೇ ಹಡಗು ತರಿಸೋಣ, ಬೆನಿನ್ನಿನ ಬಂದರಿನಲ್ಲಿ ಇಳಿಸೋಣ, ಅಲ್ಲಿಂದ ಲಾರಿಗಳಲ್ಲಿ ಹಂಚಿಕೊಳ್ಳೋಣ ಎಂದು ಒಪ್ಪಿಕೊಂಡಿದ್ದರು. ಷರತ್ತು ಒಂದೇ. ಮೂವರೂ ಹೂಂ ಅನ್ನಬೇಕು. ಒಬ್ಬರು ಊಹೂಂ ಅಂದರೂ ವ್ಯವಹಾರ ಇಲ್ಲ.

ನಮ್ಮ ಸಾಹುಕಾರರಿಗೆ ಆ ಹೂಂ ಬಹಳ ಬೇಕಾಗಿತ್ತು. ಭತ್ತ ಕುದಿಸಿ ಒಣಗಿಸಿದ ಕುಚ್ಚಲಕ್ಕಿ ತಯಾರಿಸಲು ಹೊಸ ಬಾಯ್ಲರ್ ಕೂಡಿಸಿದ್ದರು. ಆ ಅಕ್ಕಿಯನ್ನು ನಮ್ಮ ಸೀಮೆಯವರು ಮೂಸಿ ಸಹ ನೋಡುವುದಿಲ್ಲ. ಆಫ್ರಿಕಾದವರು ಒಲ್ಲೆವೆಂದರೆ ಬಾಯ್ಲರ್ ಬಂದ್, ಅದನ್ನು ನಂಬಿದ ಹಮಾಲರ ಮನೆ ಒಲೆಯೂ ಬಂದ್.

ನಾಲ್ಕನೇ ಕಪ್

ಅವರು ಹೈದರಾಬಾದಿನಿಂದ ಕಾರಿನಲ್ಲಿ ಬಂದಿಳಿದಾಗ ಮಂಜು ಇನ್ನೂ ಹರಿದಿರಲಿಲ್ಲ. ಟೋಗೋದವರು ದುಂಡಗಿನ ನಗುಮುಖದ ಮನುಷ್ಯ. ಪಕ್ಕದ ಘಾನಾದೊಂದಿಗೆ ವ್ಯಾಪಾರವಿದ್ದುದರಿಂದ ಇಂಗ್ಲಿಷ್ ಬಲ್ಲವರು. ನೈಜರಿನವರು ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಮಾತು ಕಡಿಮೆ. ಮೂರನೆಯವರು ಐವತ್ತರ ಸುಮಾರಿನ ಹೆಣ್ಣುಮಗಳು. ಬಣ್ಣಬಣ್ಣದ ಉಡುಪು, ತಲೆಗೂ ಅದೇ ಬಟ್ಟೆಯ ರುಮಾಲು. ನಾವೆಲ್ಲ ಆಕೆಯನ್ನು ಬೆನಿನ್ ಅಕ್ಕ ಎಂದೇ ಕರೆದೆವು. ಆಕೆ ಆಡುವುದು ಫ್ರೆಂಚ್. ಅದನ್ನು ಟೋಗೋದವರು ಇಂಗ್ಲಿಷ್ ಮಾಡಬೇಕು, ನಾನು ಕನ್ನಡ ಮಾಡಬೇಕು. ಮಾತು ಸಾಹುಕಾರರನ್ನು ಮುಟ್ಟುವಷ್ಟರಲ್ಲಿ ಚಹಾ ಆರುತ್ತಿತ್ತು.

ಮೊದಲ ಚಹಾ ಬಂದಾಗಲೇ ಬೆನಿನ್ ಅಕ್ಕ, ನಮಗೆ ಇನ್ನೊಂದು ಕಪ್ ಬೇಕು ಅಂತ ಕೈಸನ್ನೆ ಮಾಡಿದರು. ಹಿಂದಿನಿಂದ ಇನ್ಯಾರೋ ಬರುತ್ತಿರಬೇಕೆಂದು ನಾನು ಬಾಗಿಲ ಕಡೆ ನೋಡಿದೆ. ಒಳಗೆ ಬರುತ್ತಿದ್ದದ್ದು ಮಂಜು ಮಾತ್ರ. ಅಕ್ಕ ತಮ್ಮ ಚೀಲದಿಂದ ಗೇಣುದ್ದದ ಕಟ್ಟಿಗೆಯ ಹೆಣ್ಣುಗೊಂಬೆಯೊಂದನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸಿದರು. ಸೊಂಟಕ್ಕೆ ಬಟ್ಟೆ, ಕೊರಳಿಗೆ ಮಣಿ. ವರ್ಷಗಟ್ಟಲೆ ಕೈಯಾಡಿಸಿ ಮೂಗು ಕಣ್ಣು ಸವೆದು, ಮುಖ ನೀರಿನ ತಳದಲ್ಲಿರುವವರ ಮುಖದ ಹಾಗಿತ್ತು. ನಾಲ್ಕನೇ ಕಪ್ ಅದರ ಮುಂದೆ ಹೋಯಿತು.

"ಅವರ ತಂಗಿ," ಅಂದರು ಟೋಗೋದವರು, ಬಸ್ಸಿನ ಟೈಮು ಹೇಳಿದಷ್ಟು ಸಹಜವಾಗಿ. "ಅವಳಿಜವಳಿ. ಕೂಸಿದ್ದಾಗಲೇ ತೀರಿಕೊಂಡಳು. ನಮ್ಮ ಕಡೆ ಅವಳಿಯಲ್ಲಿ ಒಬ್ಬರು ಹೋದರೆ ಹೀಗೆ ಮಾಡಿಸಿ ಜೊತೆಗೆ ಇಟ್ಟುಕೊಳ್ಳುತ್ತಾರೆ. ಊಟ, ಸ್ನಾನ, ಪ್ರಯಾಣ ಎಲ್ಲ ಒಟ್ಟಿಗೆ."

"ಏನಂತ?" ಅಂದರು ಸಾಹುಕಾರರು ನನ್ನ ಕಿವಿಯಲ್ಲಿ.

"ತಂಗಿ ಅಂತ್ರೀ. ತೀರಿಕೊಂಡಾಳಂತ. ಅಕ್ಕನ ಸಂಗಾಟ ಬಂದಾಳ."

ಸಾಹುಕಾರರ ಹಣೆಯ ವಿಭೂತಿಯ ಮೇಲೆ ಬೆವರು ಬಂತು. ಆದರೆ ಮಿಲ್ಲಿಗೆ ಬಂದ ಖರೀದಿದಾರರನ್ನು ಅವರು ಎಂದೂ ನಿಂತಲ್ಲೇ ಬಿಟ್ಟವರಲ್ಲ. ಎದ್ದು ನಿಂತು, ಆ ಕಟ್ಟಿಗೆಯ ಮುಖಕ್ಕೆ ಕೈ ಮುಗಿದು, "ಶರಣ್ರೀ ತಂಗೀ, ಆರಾಮ ಬಂದ್ರಿಲ್ಲ?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಸಕ್ಕರಿ ಎಷ್ಟ್ ಹಾಕ್ಬೇಕು ಕೇಳು," ಅಂದರು.

ಒಂದು ತಾಸು ಕಳೆದು ಚಹಾದಂಗಡಿಯವ ಕಪ್ ಒಯ್ಯಲು ಬಂದ. ನಾಲ್ಕನೇ ಕಪ್ಪಿನಲ್ಲಿ ಚಹಾ ಅರ್ಧಕ್ಕಿಳಿದಿತ್ತು. ಮೂವರೂ ಮೆಹಮಾನರು ಅಷ್ಟೂ ಹೊತ್ತು ನನ್ನ ಸಂಗಡ ಗೋದಾಮಿನಲ್ಲಿದ್ದರು. ಕೋಣೆಗೆ ಬೀಗ ಹಾಕಿದವನು ನಾನೇ. ನಾನು ಅವನಿಗೆ ವಿಷಯ ಹೇಳಿದೆ. ಅವನು ಕಪ್ಪನ್ನು ಬೆಳಕಿಗೆ ಹಿಡಿದು ನೋಡಿದ.

"ಇದ್ದವರು ನನ್ನ ಚಹಾಕ್ಕ ಹೆಸರಿಡ್ತಾರಲ್ರೀ," ಅಂದ. "ಸತ್ತವರು ನೋಡ್ರಿ, ಗಪ್‌ಚಿಪ್ ಕುಡದು ಹೋಗ್ಯಾರ."

ಅಪ್ಪನ ಖುರ್ಚಿ

ಹೆದರುವ ಸರದಿ ನಮ್ಮದೇ ಅಂತ ತಿಳಿದಿದ್ದೆವು. ಆದರೆ ಅವರದೂ ಬಂತು.

ಸಾಹುಕಾರರ ಕಚೇರಿಯ ಮೂಲೆಯಲ್ಲಿ ಕೈಯುಳ್ಳ ಹಳೆಯ ಕಟ್ಟಿಗೆಯ ಖುರ್ಚಿಯೊಂದಿದೆ. ಅದು ಅವರ ತೀರಿಕೊಂಡ ತಂದೆಯದು. ದಿನಾ ಅದನ್ನು ಒರೆಸಿ, ಅದರ ಕೈಗೆ ವಿಭೂತಿ ಹಚ್ಚಿ, ಒಂದು ಹೂವಿಡುತ್ತಾರೆ. ಯಾರೂ ಕೂರುವುದಿಲ್ಲ. ಹೊಸಬರಿಗೆ ಹೇಳಿಕೊಡಬೇಕಾಗಿಯೂ ಇಲ್ಲ, ಅದರ ಹತ್ತಿರ ಹೋದರೆ ತಾನೇ ಕಾಲು ಹಿಂದೆ ಸರಿಯುತ್ತದೆ.

ಊಟ ಮುಗಿಸಿ ಬಂದ ನೈಜರಿನವರು ಆ ಖುರ್ಚಿಯಲ್ಲಿ ಕೂತರು.

ಅದೇ ಗಳಿಗೆಗೆ ಕರೆಂಟು ಹೋಯಿತು. ಮಿಲ್ಲಿನಲ್ಲಿ ಬೆಳಗಿನಿಂದ ಬೈಗಿನವರೆಗೆ ಗಡಗಡ ಸದ್ದು. ಅದು ನಮಗೆ ಕೇಳಿಸುವುದೇ ಇಲ್ಲ. ನಿಂತಾಗ ಮಾತ್ರ ಕೇಳಿಸುತ್ತದೆ. ಜರಡಿಯಿಂದ ಕೊನೆಯ ಕಾಳುಗಳು ತಟತಟನೆ ಬಿದ್ದವು, ಆಮೇಲೆ ಅವೂ ನಿಂತವು. ಹಮಾಲರು ಒಬ್ಬೊಬ್ಬರೇ ಕಿಟಕಿಗೆ ಬಂದು ನಿಂತರು. ಎಲ್ಲರೂ ನೋಡುತ್ತಿದ್ದದ್ದು ಖುರ್ಚಿಯನ್ನು.

"ಏನಾಯಿತು?" ಎಂದು ನೈಜರಿನವರು ಟೋಗೋದವರಿಂದ ಕೇಳಿಸಿದರು.

"ಅದು ಸಾಹುಕಾರರ ತಂದೆಯ ಖುರ್ಚಿ," ಅಂದೆ.

"ಕ್ಷಮಿಸಿ. ಅವರು ಎಲ್ಲಿದ್ದಾರೆ?"

"ತೀರಿಕೊಂಡು ಬಹಳ ದಿನ ಆಯಿತು."

ಆ ಎತ್ತರದ ಮನುಷ್ಯ ಎದ್ದ ರಭಸಕ್ಕೆ ತಲೆ ಹೋಗಿ ನಿಂತ ಫ್ಯಾನಿನ ರೆಕ್ಕೆಗೆ ಬಡಿಯಿತು. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಅವರು ಗೋಡೆಗೆ ಬೆನ್ನು ಹಚ್ಚಿ, "ದುನಿಯಾ!" ಅಂದರು. ಅವರ ಭಾಷೆಯಲ್ಲಿಯೂ ದುನಿಯಾಕ್ಕೆ ದುನಿಯಾ ಅಂತಲೇ ಅನ್ನುತ್ತಾರಂತೆ. ಕಿಟಕಿಯಲ್ಲಿದ್ದ ಹಮಾಲರೆಲ್ಲ, ಹೌದ್ರಿ, ದುನಿಯಾನೇ ಹಂಗೈತಿ, ಎಂದು ತಲೆಯಾಡಿಸಿದರು.

ಬೆನಿನ್ ಅಕ್ಕ ಮಾತ್ರ ಹೆದರಲಿಲ್ಲ. ಗೊಂಬೆಯನ್ನು ಕೈಯಲ್ಲಿ ಹಿಡಿದು ಖುರ್ಚಿಯ ಎದುರಿಗೆ ಕೂತು, ತಲೆ ವಾಲಿಸಿ, ಪಕ್ಕದ ಮನೆಯ ಮಾತು ಕೇಳಿಸಿಕೊಳ್ಳುವವರ ಹಾಗೆ ಕೇಳಿಸಿಕೊಂಡರು. ಆಮೇಲೆ ಫ್ರೆಂಚಿನಲ್ಲಿ ಏನೋ ಅಂದರು. ಟೋಗೋದವರ ನಗು ಮಾಯವಾಯಿತು.

"ತಂಗಿ ಮತ್ತು ನಿಮ್ಮ ತಂದೆ ಮಾತಾಡುತ್ತಿದ್ದಾರಂತೆ."

ಸಾಹುಕಾರರು ನನ್ನ ತೋಳು ಹಿಡಿದರು. "ಏನ್ ಮಾತಾಡಾಕತ್ತಾರ ಕೇಳು."

ನಾನು ಕೇಳಿದೆ. ಉತ್ತರ ಫ್ರೆಂಚಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನನಗೆ ಬಂತು. "ದರದ ಬಗ್ಗೆ ಅಂತ್ರೀ."

ಸಾಹುಕಾರರು ಖುರ್ಚಿಯ ಕಡೆ ನೋಡಿದರು, ಗೊಂಬೆಯ ಕಡೆ ನೋಡಿದರು. ಭಯ ಇಳಿದು ಮುಖದಲ್ಲಿ ಹಳೆಯ ಒಂದು ನೋವು ಬಂತು.

"ತಂಗಿಗೆ ಹೇಳಪ್ಪಾ," ಅಂದರು. "ದರದ ಮಾತು ನನ್ನ ಸಂಗಾಟ ಆಡು ಅಂತ. ನಮ್ಮಪ್ಪ ಬದುಕಿದ್ದಾಗಽ ಒಂದು ಪೈಸೆ ಬಗ್ಗಿಲ್ಲ."

ಮುಕ್ಕುಂದದ ಗಡಿ

ಮರುದಿನ ಬೆಳಗ್ಗೆ ಭತ್ತದ ಗದ್ದೆ ತೋರಿಸಲು ಹೊಳೆದಂಡೆಯ ಮುಕ್ಕುಂದಕ್ಕೆ ಕರೆದೊಯ್ದೆ. ಹೊಳೆಯ ಕಡೆಯಿಂದ ಮಂಜು ಎಷ್ಟು ದಟ್ಟವಾಗಿ ಬಂದಿತ್ತೆಂದರೆ ನಮ್ಮ ಮಾತು ಸಹ ನಾಲ್ಕು ಮಾರು ಹೋಗಿ ತೊಯ್ದು ಬೀಳುತ್ತಿತ್ತು. ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದೆವು. ಟೋಗೋದವರು ಮುಂದಿದ್ದರು. ಒಮ್ಮೆಲೆ ನಿಂತರು.

ಎದುರಿಗೆ ಮಂಜಿನಲ್ಲಿ ಒಬ್ಬ ಮನುಷ್ಯ. ಖಾಕಿ ಅಂಗಿ, ತಲೆಗೆ ಟೊಪ್ಪಿಗೆ, ಎರಡೂ ಕೈ ಅಗಲಿಸಿ ದಾರಿ ಅಡ್ಡಗಟ್ಟಿದ್ದಾನೆ. ಅಲುಗಾಟವಿಲ್ಲ, ಮಾತಿಲ್ಲ.

ಟೋಗೋದವರು ಹಿಂದೆ ಮುಂದೆ ನೋಡದೆ ಜೇಬಿನಿಂದ ಪಾಸ್‌ಪೋರ್ಟ್ ತೆಗೆದು ಎರಡೂ ಕೈಯಲ್ಲಿ ಚಾಚಿದರು. ಅವರ ಕಡೆ ನೆರೆಯ ದೇಶಗಳೆಲ್ಲ ಸೇರಿ, ಮಂದಿ ಮಾಲು ಸರಾಗ ಓಡಾಡಲಿ ಅಂತ ಒಪ್ಪಂದ ಮಾಡಿಕೊಂಡಿವೆ. ಆದರೂ ಲಾರಿಯ ಹಿಂದೆ ತಿರುಗಿ ತಿರುಗಿ ಖಾಕಿ ಕಂಡರೆ ಕೈ ತಾನೇ ಜೇಬಿಗೆ ಹೋಗುತ್ತದೆ ಅಂತ ಆಮೇಲೆ ಹೇಳಿದರು. ಖಾಕಿಯವನು ಪಾಸ್‌ಪೋರ್ಟ್ ತೆಗೆದುಕೊಳ್ಳಲಿಲ್ಲ. ಟೋಗೋದವರು ಅದನ್ನು ಅವನ ಅಂಗೈಯಲ್ಲಿ ಇಡಲು ಹೋದರು. ಅಂಗೈ ಇರಲಿಲ್ಲ. ತೋಳಿನಿಂದ ಹುಲ್ಲು ಉದುರಿತು.

ಅದು ಹಕ್ಕಿ ಹೆದರಿಸಲು ನಿಲ್ಲಿಸಿದ ಬೆದರುಗೊಂಬೆ ಅಂತ ನಾನು ಹೇಳುವುದರೊಳಗೆ ಬೆದರುಗೊಂಬೆ ಮಾತಾಡಿತು.

"ಯಾರ್ರೀ ಅದು? ಏನ್ ಬೇಕಾಗಿತ್ತು?"

ಟೋಗೋದವರು ಪಾಸ್‌ಪೋರ್ಟ್ ಅಲ್ಲೇ ಒಗೆದು ಬದುವಿನ ಮೇಲೆ ಓಡಿದ್ದನ್ನು ನಾನು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. ಗೊಂಬೆಯ ಬುಡದಲ್ಲಿ ಕಂಬಳಿ ಹೊದ್ದು ರೊಟ್ಟಿ ತಿನ್ನುತ್ತ ಕೂತಿದ್ದ ಗದ್ದೆಯವ ಎದ್ದು, "ಸಾಹೇಬ್ರ, ನಿಮ್ಮ ಬುಕ್ಕು ಬಿಟ್ಟ ಹೊಂಟ್ರಲ್ರೀ!" ಎಂದು ಹಿಂದೆ ಓಡಿದ. ಮಂಜಿನಲ್ಲಿ ಕಂಬಳಿ ಹೊದ್ದವನು ಬೆನ್ನು ಹತ್ತಿದ್ದನ್ನು ಕಂಡು ಟೋಗೋದವರು ಇನ್ನೂ ಜೋರಾಗಿ ಓಡಿ ಕಾಲುವೆಗೆ ಬಿದ್ದರು. ಗದ್ದೆಯವ ಅವರನ್ನು ಎತ್ತಿ ದಂಡೆಗೆ ಕೂಡಿಸಿ, ಪಾಸ್‌ಪೋರ್ಟನ್ನು ತನ್ನ ಧೋತರದಿಂದ ಒರೆಸಿ ಕೈಗೆ ಕೊಟ್ಟ.

ನೈಜರಿನವರು ಎಲ್ಲ ನೋಡಿ, ಬಂದಾಗಿನಿಂದ ಆಡದಷ್ಟು ಉದ್ದನೆಯ ಮಾತಾಡಿದರು. ಟೋಗೋದವರು ನಡುಗುತ್ತಲೇ ಅದನ್ನು ಇಂಗ್ಲಿಷ್ ಮಾಡಿದರು.

"ಇಷ್ಟು ವರ್ಷ ಗಡಿ ದಾಟಿದ್ದೇನೆ. ಪಾಸ್‌ಪೋರ್ಟ್ ಮರಳಿ ಕೊಡಲು ಬೆನ್ನು ಹತ್ತಿ ಓಡಿ ಬಂದ ಖಾಕಿಯನ್ನು ಇಲ್ಲೇ ಮೊದಲು ಕಂಡದ್ದು."

ಬಂಡೆಯ ಮಾತು

ಲಿಂಗಸುಗೂರಿನಲ್ಲಿ ಸಾಹುಕಾರರ ಇನ್ನೊಂದು ಗೋದಾಮಿದೆ. ಅದನ್ನು ನೋಡಲು ಸಾಹುಕಾರರೂ ಸೇರಿ ಹೊರಟವರು ದಾರಿಯಲ್ಲಿ ಮಸ್ಕಿಯಲ್ಲಿ ಇಳಿದೆವು. ಅಶೋಕನ ಶಾಸನ ತೋರಿಸದೆ ಮುಂದಕ್ಕೆ ಕರೆದೊಯ್ದರೆ ಊರ ಮರ್ಯಾದೆ ಏನಾಗಬೇಕು.

ನಡು ಮಧ್ಯಾಹ್ನ. ಗುಡ್ಡದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ದುಂಡನೆಯ ಬಂಡೆಗಳು ಒಂದರ ಮೇಲೊಂದು ಕೂತು ನಮ್ಮನ್ನೇ ನೋಡುವಂತಿದ್ದವು. ಶಾಸನದ ಬಂಡೆಯ ಮುಂದೆ ನಿಂತು ನಾನು, ಒಬ್ಬ ರಾಜ ತನ್ನ ಮಾತನ್ನು ಬಹಳ ಹಿಂದೆ ಇಲ್ಲಿ ಕೊರೆಸಿದ್ದಾನೆ, ಅದು ಇನ್ನೂ ಹಾಗೇ ಇದೆ, ಅಂದೆ. ನೈಜರಿನವರು ಅಕ್ಷರಗಳನ್ನು ದಿಟ್ಟಿಸಿ ನೋಡಿ ಬೆನಿನ್ ಅಕ್ಕನಿಗೆ ಏನೋ ಅಂದರು. ಅಕ್ಕ ತಿರುಗಿ ಅಂದರು. ದನಿ ಏರಿತು.

ಟೋಗೋದವರು ನನಗೆ ಮೆಲ್ಲಗೆ ತಿಳಿಸಿದರು. ನೈಜರಿನವರ ಅಂಜಿಕೆ ಇದು: ನಾಳೆ ದೊಡ್ಡವರು ದೊಡ್ಡವರು ಜಗಳಾಡಿ ಗಡಿ ಮುಚ್ಚಿದರೆ ಬೆನಿನ್ನಿನ ಬಂದರಿನಲ್ಲಿಳಿದ ನನ್ನ ಅಕ್ಕಿ ಏನಾಗಬೇಕು? ನಮ್ಮ ಒಪ್ಪಂದ ಕಾಗದದ್ದು, ಕಲ್ಲಿನದಲ್ಲ. ಅಕ್ಕ ಅನ್ನುತ್ತಿದ್ದದ್ದು: ನನ್ನ ಊರಿನ ಅರ್ಧ ಸಂತೆ ನಿಮ್ಮವರ ಉಳ್ಳಾಗಡ್ಡಿಯಿಂದ ನಡೆಯುತ್ತದೆ, ಗಡಿ ಮುಚ್ಚಿದರೆ ನಾನೇನು ನಗುತ್ತ ಕೂರುತ್ತೇನೆಯೇ? ಇಬ್ಬರ ಮಾತೂ ಬಂಡೆಗಳಿಗೆ ಬಡಿದು ತಿರುಗಿ ಬರುತ್ತಿತ್ತು. ಕೊನೆಗೆ ಯಾರು ಯಾರನ್ನು ಬಯ್ಯುತ್ತಿದ್ದಾರೆ ಎನ್ನುವುದೇ ತಿಳಿಯದಂತಾಯಿತು. ಇಬ್ಬರ ಜಗಳದಲ್ಲಿ ಒಂದು ದನಿ ಹೆಚ್ಚು ಕೇಳಿಸುತ್ತಿದೆ ಅಂತ ನನಗೂ ಅನ್ನಿಸಿತು, ಸಾಹುಕಾರರಿಗೂ ಅನ್ನಿಸಿತು. ನಾವಿಬ್ಬರೂ ಆಗ ಒಬ್ಬರಿಗೊಬ್ಬರು ಹೇಳಲಿಲ್ಲ.

ಅಕ್ಕ ಗೊಂಬೆಯನ್ನು ತೆಗೆದು ಇಬ್ಬರ ನಡುವಿನ ಕಲ್ಲಿನ ಮೇಲೆ ಕೂಡಿಸಿದರು. ಜಗಳ ಅಲ್ಲಿಗೇ ನಿಂತಿತು. ನೈಜರಿನವರು ದನಿ ತಗ್ಗಿಸಿ, ಗಡಿ ಮುಚ್ಚಿದರೆ ಏನು ಮಾಡುವುದೆಂದು ಮೊದಲೇ ಬರೆದುಕೊಳ್ಳೋಣ, ಅಂದರು. ಅಕ್ಕ ಒಪ್ಪಿದರು. ಅಕ್ಕಿ ನನ್ನ ಗೋದಾಮಿನಲ್ಲೇ ಇರಲಿ, ಗಡಿ ತೆರೆಯುವವರೆಗೆ ಕಾಯುವವಳು ನಾನು, ಅಂದರು. ಎಲ್ಲರಿಗೂ ಸಮಾಧಾನವಾಗಿ, ಬಿಸಿಲಿಗೆ ಬೇಸತ್ತು, ಲಗುಬಗೆಯಿಂದ ಇಳಿದು ಕಾರು ಹತ್ತಿದೆವು.

ಸಾಹುಕಾರರು ಕಾರಿನಲ್ಲಿ ನನ್ನ ತೊಡೆ ಚಿವುಟಿದರು. "ನಮ್ಮ ಅಣ್ಣತಮ್ಮರ ಹೊಲದ ಪಾಲು ಆಗೂ ದಿನಾನೂ ಈ ತಂಗೀನ ಒಮ್ಮೆ ಕಳಸ್ತಾರೇನು ಕೇಳು."

ವಯಸ್ಸು ಐವತ್ತು, ಎತ್ತರ ಒಂದು ಗೇಣು

ಲಿಂಗಸುಗೂರಿನ ಖಾನಾವಳಿಯಲ್ಲಿ ತಾಟು ಹಾಕಿಸಿದೆವು. ಅಕ್ಕ ಚೀಲಕ್ಕೆ ಕೈ ಹಾಕಿದರು. ಕೈ ಹಾಗೇ ನಿಂತಿತು.

ಅಳಲಿಲ್ಲ, ಕೂಗಲಿಲ್ಲ. ರೊಟ್ಟಿಯ ತಾಟನ್ನು ಮೆಲ್ಲಗೆ ದೂರ ಸರಿಸಿ, ಹುಟ್ಟಿದಾಗಿನಿಂದ ಮೊದಲ ಸಲ ಒಂಟಿಯಾದವರ ಹಾಗೆ ಪಕ್ಕದ ಖಾಲಿ ಜಾಗ ನೋಡುತ್ತ ಕೂತರು. ಆ ಮುಖ ನೋಡಿದ ಮೇಲೆ ನಮಗಾರಿಗೂ ತುತ್ತು ಇಳಿಯಲಿಲ್ಲ. ತಂಗಿ ಸಿಗದೆ ನಾನು ಇಲ್ಲಿಂದ ಕದಲುವುದಿಲ್ಲ, ಸಹಿಯನ್ನೂ ಹಾಕುವುದಿಲ್ಲ, ಅಂದರಂತೆ. ಅಕ್ಕ ಇಲ್ಲವೆಂದರೆ ಬಂದರಿಲ್ಲ. ಬಂದರಿಲ್ಲದೆ ಉಳಿದಿಬ್ಬರೂ ಇಲ್ಲ. ಸಾಹುಕಾರರು ಕೈ ತೊಳೆದು ಕಾರಿನ ಕಡೆ ಓಡಿದರು.

ಮಸ್ಕಿಗೆ ಮರಳಿ ಬಂದು ಗುಡ್ಡ ಹತ್ತಿದೆವು. ಗೊಂಬೆ ಕೂಡಿಸಿದ ಕಲ್ಲು ಖಾಲಿ. ಅದರ ಮೇಲೆ ಗೊಂಬೆ ಕೂತಷ್ಟೇ ಅಗಲದ ಒಂದು ಒದ್ದೆ ಗುರುತಿತ್ತು. ಅಷ್ಟು ಬಿಸಿಲಿಗೆ ಆರದ ನೀರು ಅದು ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿದಿಲ್ಲ.

ಗುಡ್ಡದ ಬುಡದಲ್ಲಿ ಒಂದು ಚಹಾದ ಡಬ್ಬಿಯಂಗಡಿ. ಉಳಿದವರು ಹಿಂದುಳಿದಿದ್ದರು. ಏದುಸಿರು ಬಿಡುತ್ತ ನಾನೊಬ್ಬನೇ ಹೋಗಿ ಕೇಳಿದೆ.

"ಒಬ್ಬಾಕಿ ಹೆಣ್ಣುಮಗಳು ಕಳದುಹೋಗ್ಯಾಳ್ರೀ. ನೋಡೀರೇನು?"

"ಎಷ್ಟು ವಯಸ್ಸು?" ಅಂದ ಅಂಗಡಿಯವ, ಹಾಲು ಕಾಸುತ್ತ.

"ಐವತ್ತು."

"ಎತ್ತರ?"

ನಾನು ಬೆರಳು ಅಗಲಿಸಿ ತೋರಿಸಿದೆ. "ಒಂದು ಗೇಣು."

ಅವನು ಸೌಟು ನಿಲ್ಲಿಸಿದ. "ಐವತ್ತು ವರ್ಷದಾಕಿ, ಒಂದು ಗೇಣು?"

"ಹೌದ್ರೀ. ಕಣ್ಣು ಮೂಗು ಸವದಾವ."

"ಕಡೀಕ ಎಲ್ಲಿ ನೋಡಿದ್ರಿ?"

"ಮ್ಯಾಲ, ಶಾಸನದ ಕಲ್ಲಿನ ಹತ್ರ ಕುಂತಿದ್ಲು. ಜಗಳ ಬಿಡಿಸಿದ್ಲು."

ಅಂಗಡಿಯವ ಸ್ಟೋ ಆರಿಸಿದ. ಬಹಳ ಸೌಮ್ಯವಾಗಿ ಕೇಳಿದ: "ಅಣ್ಣಾರ, ಅಕಿ ಮನ್ಯಾಗ ಏನಾರ ಜಗಳಾಡಿ ಬಂದಾಳೇನು?"

"ಇಲ್ರೀ. ಅಕಿ ತೀರಿಕೊಂಡು ಐವತ್ತು ವರ್ಷ ಆತು."

ಅವನು ಕಾದ ಹಾಲನ್ನು ಹೊರಗೇ ಬಿಟ್ಟು ಅಂಗಡಿಯ ಬಾಗಿಲು ಎಳೆದುಕೊಂಡ. ಹೊರಗಿನಿಂದಲ್ಲ, ಒಳಗಿನಿಂದ.

ಕೊರಳಿನಾಕೆ

ಬಾಗಿಲ ಸಂದಿಯಿಂದ ಒಂದು ಬೆರಳು ಮಾತ್ರ ಹೊರಗೆ ಬಂದು ಗುಡ್ಡದ ಮಗ್ಗುಲಿನ ಒಂದು ಮನೆಯನ್ನು ತೋರಿಸಿತು. "ಆ ಮನಿ ಮುದುಕಿ ಏನೋ ಎತ್ತಿಗೊಂಡು ಹೋದ್ಲು, ಕೂಸಿನಂಗ," ಎಂದು ಒಳಗಿನಿಂದ ದನಿ ಬಂತು.

ಉಳಿದವರು ಬಂದು ಸೇರಿದ ಮೇಲೆ ಅಲ್ಲಿಗೆ ಹೋದೆವು. ಹಗಲಾದರೂ ಮನೆಯೊಳಗೆ ಕತ್ತಲು. ದೇವರ ಜಗಲಿಯ ಮೇಲೆ ಎಣ್ಣೆದೀಪ. ಅದರ ಪಕ್ಕದಲ್ಲಿ ನಮ್ಮ ತಂಗಿ ಕೂತಿದ್ದಳು. ಮೈಗೆ ಕೊಬ್ಬರಿ ಎಣ್ಣೆ, ಹಣೆಗೆ ವಿಭೂತಿ, ಮುಂದೆ ಬಟ್ಟಲಲ್ಲಿ ಹಾಲು. ದೀಪದ ಬೆಳಕಿಗೆ ಸವೆದ ಮುಖದಲ್ಲಿ ಕಣ್ಣು ಮೂಡಿದ ಹಾಗೆ ಕಂಡಿತು. ನೈಜರಿನವರು ಹೊಸ್ತಿಲ ಹೊರಗೇ ನಿಂತರು.

"ಬಿಸಿಲಾಗ ಒಬ್ಬಾಕೀನ ಕುಂತಿದ್ಲು," ಅಂದಳು ಮುದುಕಿ. "ಹೆಣ್ಣುಮಗಳನ್ನ ಹಂಗ ಗುಡ್ಡದಾಗ ಬಿಟ್ಟು ಬರ್ತಾರೇನು? ಮನಿಗೆ ಕರಕೊಂಡು ಬಂದೆ. ಬಿಸಿನೀರು ಎರದೆ. ಹಾಲು ಕೊಟ್ಟೆ."

ಬೆನಿನ್ ಅಕ್ಕ ತಂಗಿಯನ್ನು ಎದೆಗವಚಿಕೊಂಡು ಅಳತೊಡಗಿದರು. ಮುದುಕಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಅಳು ತಗ್ಗಿದ ಮೇಲೆ ಅಕ್ಕ ಗೊಂಬೆಯ ಮೈ ಮೂಸಿ ನೋಡಿ ನಗುತ್ತ ಏನೋ ಅಂದರು. ಟೋಗೋದವರು ಅಕ್ಕನ ಮಾತು ತಿಳಿಸಿದರು: "ಊರು ಬಿಟ್ಟ ಮೇಲೆ ಇವಳಿಗೆ ಬಿಸಿನೀರಿನ ಸ್ನಾನ ಆಯಿತು. ಲಾಡ್ಜಿನಲ್ಲಿ ನನಗಿನ್ನೂ ಆಗಿಲ್ಲ."

ಆಗ ಅಕ್ಕನ ಕಣ್ಣು ಮುದುಕಿಯ ಕೊರಳಿಗೆ ಹೋಯಿತು. ಕರಿಮಣಿ ತೆಗೆದ ಕೊರಳಲ್ಲಿ ಕರಿದಾರ, ಅದರಲ್ಲಿ ಹೆಣ್ಣಿನ ರೂಪ ಒತ್ತಿದ ಸಣ್ಣದೊಂದು ಬೆಳ್ಳಿಯ ಬಿಲ್ಲೆ. ಅದೂ ಸವೆದು ಮುಖವಿಲ್ಲದಾಗಿತ್ತು. ಇದು ಯಾರು, ಎಂದು ಅಕ್ಕ ಬೆರಳು ಮುಟ್ಟಿಸಿ ಕೇಳಿದರು. ಅದಕ್ಕೆ ಯಾರೂ ತರ್ಜುಮೆ ಮಾಡಬೇಕಾಗಲಿಲ್ಲ.

"ಸವತಿ," ಅಂದಳು ಮುದುಕಿ. "ನನ್ನ ಗಂಡನ ಮೊದಲನೇ ಹೇಂತಿ. ನಾ ಲಗ್ನಾಗಿ ಬರೂಕಿಂತ ಮೊದಲಽ ಸತ್ತಿದ್ಲು. ಸಿಟ್ಟಾಗಬಾರದಂತ ಅಕೀನ್ನ ಕೊರಳಾಗ ಕಟ್ಟಿ ಒಳಗ ಕರಕೊಂಡ್ರು. ನಾ ಉಂಡ್ರ ಅಕೀಗಿ ಮೊದಲು, ನಾ ಸೀರಿ ಉಟ್ರ ಅಕೀಗಿ ಮೊದಲು."

ನಾನು ಇಂಗ್ಲಿಷ್ ಮಾಡಿದೆ, ಅದು ಫ್ರೆಂಚ್ ಆಯಿತು. ಅಕ್ಕ ಮುದುಕಿಯ ಕೈ ಹಿಡಿದುಕೊಂಡು ಕೂತರು. ಇಬ್ಬರ ನಡುವೆ ಆ ಇನ್ನಿಬ್ಬರೂ ಕೂತಿದ್ದರು ಎನ್ನಿಸಿ ನನ್ನ ಮೈಮೇಲಿನ ಕೂದಲು ನಿಂತವು. ಬಹಳ ಹೊತ್ತಿನ ಮೇಲೆ ಅಕ್ಕ ಕೇಳಿಸಿದರು: ಈಗ ಗಂಡ ಎಲ್ಲಿ?

"ಅಂವ ಯಾವಾಗೋ ಹೋದ ತಗೋ," ಅಂದಳು ಮುದುಕಿ, ಬಿಲ್ಲೆಯನ್ನು ಸೆರಗಿನಿಂದ ಒರೆಸುತ್ತ. "ಗಂಡ ಬಿಟ್ಟು ಹೋದ. ಸವತಿ ಹೋಗವಲ್ಲಳು!"

ನನ್ನ ಮುಖ

ಸಿಂಧನೂರಿಗೆ ಮರಳಿ ಮೂವರೂ ಸಹಿ ಹಾಕಿದರು. ಉಳಿದದ್ದು ಚೀಲದ ಮೇಲಿನ ಚಿತ್ರ. ಮೂರೂ ದೇಶದಲ್ಲಿ ಒಂದೇ ಚೀಲ ಹೋಗಬೇಕು. ಟೋಗೋದವರು ಆನೆ ಅಂದರು, ನೈಜರಿನವರು ಒಂಟೆ ಅಂದರು, ಅಕ್ಕ ಮೀನು ಅಂದರು. ಒಬ್ಬರದು ಇನ್ನೊಬ್ಬರಿಗೆ ಹಿಡಿಸಲಿಲ್ಲ. ಗಡಿಯ ಜಗಳವಾದರೂ ತಂಗಿಯಿಂದ ಮುಗಿದಿತ್ತು, ಚಿತ್ರದ ಜಗಳ ಅವಳಿಂದಲೂ ಮುಗಿಯಲಿಲ್ಲ.

ಸಾಹುಕಾರರಿಗೆ ಊಟದ ಹೊತ್ತು ಮೀರಿತ್ತು. "ಇವನ ಮಾರಿ ಹಾಕ್ರಿ," ಅಂದರು ನನ್ನನ್ನು ತೋರಿಸಿ. "ಮೂರೂ ದೇಶದಾಗ ಇವಂಗ ಬೀಗರೂ ಇಲ್ಲ, ವೈರಿಗಳೂ ಇಲ್ಲ."

ಮೂವರೂ ನನ್ನ ಮುಖ ನೋಡಿದರು. ಯಾವ ದೇಶಕ್ಕೂ ಸೇರದ ಮುಖ ಅಂತ ಒಪ್ಪಿಬಿಟ್ಟರು.

ಚೀಲ ಮುದ್ರಿಸುವವನಿಗೆ ನನ್ನ ಐಡಿ ಕಾರ್ಡಿನ ಫೋಟೋ ಕಳಿಸಿದೆವು. ನಗು ಇಲ್ಲದ, ನೇರ ನೋಟದ ಫೋಟೋ. ಅವನು ಚೆಂದ ಕಾಣಲೆಂದು ಮೊಟ್ಟೆಯಾಕಾರದ ಚೌಕಟ್ಟು ಮಾಡಿ ಸುತ್ತ ಹೂವಿನ ಹಾರ ಹಾಕಿದ. ಕೆಳಗೆ ಎರಡು ಸಾಲು ಫ್ರೆಂಚ್. ನಮ್ಮ ಊರಿನಲ್ಲಿ ಫ್ರೆಂಚ್ ಓದುವವರಿಲ್ಲ. ಆದರೆ ಹೂವಿನ ಚೌಕಟ್ಟಿನ ನಡುವೆ ನಗದೆ ನೋಡುವ ಮುಖದ ಕೆಳಗೆ ಎರಡು ಸಾಲಿದ್ದರೆ ಅದು ಏನೆಂದು ಎಲ್ಲರಿಗೂ ಗೊತ್ತು.

ಮಾಲು ಹೊರಟ ದಿನ ನನಗೆ ಜ್ವರ, ಮನೆಯಲ್ಲಿ ಮಲಗಿದ್ದೆ. ಲಾರಿಗಳು ನನ್ನ ಮುಖ ಹೊತ್ತು ಬಜಾರಿನ ನಡುವೆ ಹೋದವು. ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಬಿಳಿ ಚಾದರ ಹೊದ್ದುಕೊಂಡೇ ಹೋಗಿ ತೆರೆದೆ. ನನ್ನ ಹಳೆಯ ಸ್ನೇಹಿತ ಕೈಯಲ್ಲಿ ಹಾರ ಹಿಡಿದು ನಿಂತಿದ್ದ. ನನ್ನನ್ನು ನೋಡಿ ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಬಹಳ ಪ್ರೀತಿಯಿಂದ, "ಹಿಂದ ತಿರುಗಿ ನೋಡಬ್ಯಾಡಪಾ. ಹೋಗು, ಮುಂದ ಹೋಗು," ಅಂದ.

"ಯಾರ್ರೀ ಬಂದವರು?" ಎಂದು ನನ್ನ ಹೆಂಡತಿ ಒಳಗಿನಿಂದ ನನ್ನನ್ನು ಕೇಳಿದಳು.

"ಯಪ್ಪಾ, ಅಕೀಗೂ ಕಾಣಾಕತ್ತಾನ!" ಎಂದವನು ಹಾರ ಅಲ್ಲೇ ಬಿಟ್ಟು ಓಡಿದ.

ಜ್ವರ ಬಿಟ್ಟ ಮೇಲೆ ಬಜಾರಿಗೆ ಹೋದೆ. ಮಂದಿ ದಾರಿ ಬಿಟ್ಟರು. ಕಟಿಂಗ್ ಅಂಗಡಿಯವ ನನ್ನನ್ನು ಖುರ್ಚಿಯಲ್ಲಿ ಕೂಡಿಸಿ ಮೊದಲು ಕನ್ನಡಿ ನೋಡಿದ, ನಾನು ಅದರಲ್ಲಿದ್ದೇನೋ ಇಲ್ಲವೋ ಎಂದು. ನಾನೂ ನೋಡಿಕೊಂಡೆ. ಇದ್ದೆ. ಆದರೂ ನೋಡಿಕೊಂಡೆನಲ್ಲ, ಆ ನಿಮಿಷವನ್ನು ನಾನು ಮರೆತಿಲ್ಲ.

ಎರಡು ತಿಂಗಳು ಎಲ್ಲರಿಗೂ ಬದುಕಿದ್ದೇನೆಂದು ಹೇಳಿ ಹೇಳಿ ಸಾಕಾಗಿ, ಚೀಲದ ಚಿತ್ರ ಬದಲಿಸಬೇಕೆಂದು ಹಟ ಹಿಡಿದು ಸಾಹುಕಾರರ ಮುಂದೆ ಕೂತಿದ್ದಾಗ ಟೋಗೋದವರ ಫೋನ್ ಬಂತು. ಸ್ಪೀಕರಿಗೆ ಹಾಕಿದೆವು. ನನ್ನ ದನಿ ಕೇಳಿ ಅವರು ತಮ್ಮ ದನಿ ತಗ್ಗಿಸಿದರು.

"ಹತ್ತಿರ ಯಾರೂ ಇಲ್ಲ ತಾನೇ?" ಅಂದರು. "ನಮ್ಮ ಕಡೆ ದೊಡ್ಡ ಊಟ ಹಾಕುವುದೆಂದರೆ ತೀರಿಕೊಂಡವರ ದಿನಕ್ಕೆ. ಅವರ ಫೋಟೋವನ್ನು ಬಟ್ಟೆಯ ಮೇಲೂ ಅಚ್ಚು ಹಾಕಿಸುತ್ತೇವೆ. ನಿಮ್ಮ ಚೀಲ ನೋಡಿದವರೆಲ್ಲ, ಯಾರೋ ಪುಣ್ಯಾತ್ಮ ಹೋಗಿದ್ದಾನೆ, ಅವನ ಹೆಸರಿನ ಅಕ್ಕಿ ಇದು, ಅಂತ ತಿಥಿಗಳಿಗೆ ಇದನ್ನೇ ಒಯ್ಯುತ್ತಿದ್ದಾರೆ. ಅಕ್ಕನ ಗೋದಾಮು ಖಾಲಿ. ನೈಜರಿನ ಲಾರಿ ಗಡಿಗೆ ಬಂದರೆ ಕಾವಲಿನವರು ಟೊಪ್ಪಿಗೆ ತೆಗೆದು, ಎದೆಯ ಮೇಲೆ ಕೈಯಿಟ್ಟು, ಗೇಟು ಎತ್ತುತ್ತಾರೆ. ತಪಾಸಣೆ ಸಹ ಇಲ್ಲ. ನಾವು ಮೂವರೂ ಒಂದು ಚಿತ್ರಕ್ಕೆ ಒಪ್ಪಲಿಲ್ಲ, ನೋಡಿ. ನೀವು ಸತ್ತದ್ದನ್ನು ಮೂರೂ ದೇಶ ಒಪ್ಪಿವೆ."

ನಾನು ಸಾಹುಕಾರರಿಗೆ ಕನ್ನಡ ಮಾಡಿದೆ. ನನ್ನ ಸಾವಿನ ಸುದ್ದಿಯನ್ನು ತರ್ಜುಮೆ ಮಾಡಿದವನೂ ನಾನೇ. ಸಾಹುಕಾರರು ಗಲ್ಲಕ್ಕೆ ಕೈ ಹಚ್ಚಿ ಯೋಚಿಸಿದರು. ಹೊರಗೆ ಬಾಯ್ಲರ್ ಉಸಿರು ಬಿಡುತ್ತಿತ್ತು, ಹಮಾಲರು ಚೀಲ ಹೊರುತ್ತಿದ್ದರು. ಒಂದೊಂದು ಬೆನ್ನಿನ ಮೇಲೂ ಹೂವಿನ ನಡುವಿನಿಂದ ನಾನು ನನ್ನನ್ನೇ ನೋಡುತ್ತ ಸಾಲಾಗಿ ಹೋಗುತ್ತಿದ್ದೆ.

"ಸಾಹುಕಾರ್ರ," ಅಂದೆ, "ಮನ್ಯಾಗ ಹೆಂಡ್ತಿ ಮಕ್ಕಳದಾರ್ರೀ."

"ಅವರಿಗೆ ಹೇಳು, ಬದುಕೀನಿ ಅಂತ. ನಾ ಬ್ಯಾಡ ಅನ್ನಂಗಿಲ್ಲ," ಅಂದರು ಸಾಹುಕಾರರು. "ಆದ್ರ ಇನ್ನೊಂದು ಹಡಗು ತುಂಬೂತನಕ, ಬ್ಯಾರೆ ಯಾರ ಮುಂದೂ ಬಾಯಿ ಬಿಡಬ್ಯಾಡ."